ಪರೀಕ್ಷೆ ಮತ್ತು ಪರೀಕ್ಷಿ

ಅವರಷ್ಟು ಅಂಜುವ ಮನುಷ್ಯನನ್ನು ನಾನು ಇದುವರೆಗೆ ಕಂಡಿಲ್ಲ. ಬಸ್ಸು ಹತ್ತುವ ಮೊದಲು ಡ್ರೈವರನ ಮುಖ ನೋಡುತ್ತಿದ್ದರು. ನಿದ್ದೆಗೆಟ್ಟವನ ಹಾಗೆ ಕಂಡರೆ ಆ ಬಸ್ಸು ಬಿಟ್ಟು ಮುಂದಿನದಕ್ಕೆ ಕಾಯುತ್ತಿದ್ದರು. ಗುಡುಗು ಶುರುವಾದರೆ ಕಂಪ್ಯೂಟರಿನ ವೈರು ಕಿತ್ತು, ಅದರ ಪ್ಲಗ್ಗನ್ನು ಕೈಯಲ್ಲೇ ಹಿಡಿದು ಕೂರುತ್ತಿದ್ದರು, ಕಿತ್ತದ್ದು ಖಾತ್ರಿ ಇರಲಿ ಎಂದು. ಹೆಂಡತಿ ಗ್ಯಾಸ್ ಬಂದ್ ಮಾಡಿ ಹೊರಗೆ ಬಂದರೆ "ಖರೇನ ಬಂದ್ ಮಾಡಿದಿ?" ಎಂದು ಕೇಳಿ, ಆಕೆ ಹೌದೆಂದ ಮೇಲೂ ತಾವೇ ಎದ್ದುಹೋಗಿ ಗುಂಡಿ ಮುಟ್ಟಿ ಬರುತ್ತಿದ್ದರು. ಮೊದಮೊದಲು ನನಗೆ ಇದೆಲ್ಲ ನಗೆ. ಆಮೇಲೆ ಕಿರಿಕಿರಿ. ಈಗ ಆ ಅಂಜಿಕೆಯ ಅರ್ಧ ಪಾಲು ನನ್ನ ಕಡೆಗೆ ಬಂದು ಕೂತಿದೆ, ಆದ್ದರಿಂದ ನಗುವ ಹಕ್ಕು ನನಗಿಲ್ಲ.

ಮಳೆಗಾಲ ಶುರುವಾಗುವ ಹೊತ್ತಿಗೆ ಅವರು ತೀರಿಕೊಂಡರು. ಮಧ್ಯಾಹ್ನ ಊಟ ಮಾಡಿ ಗೋಡೆಗೆ ಒರಗಿ ಕುಳಿತವರು ಹಾಗೆಯೇ ಹೋದರು. ಜೀವಮಾನವೆಲ್ಲ ಅಂಜಿದ ಮನುಷ್ಯನಿಗೆ ಕೊನೆಗೆ ಅಂಜಲು ಪುರುಸೊತ್ತೇ ಸಿಗಲಿಲ್ಲ ಎಂದು ಉಗರಗೋಳದ ಮಂದಿ ಮಾತಾಡಿಕೊಂಡರಂತೆ. ನನಗೆ ಸುದ್ದಿ ಬಂದದ್ದು ಫೋನಿನಲ್ಲಿ. ಅಳು ಬಂದದ್ದು ಮರುದಿನ.

ಅವರಿಗೂ ನನಗೂ ಏನು ಸಂಬಂಧ ಎಂದು ಹೇಳಬೇಕಲ್ಲ. ನಾನು ಬೈಲಹೊಂಗಲದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ಬಾಯಾರು, ಎಂದರೆ ಟೀಚರಮ್ಮ. ನಾವು ಏಳೆಂಟು ಜನ ಬಿಡುವಿನಲ್ಲಿ ಕೂಡಿ ಒಂದು ತಂತ್ರಾಂಶ ಬರೆದಿದ್ದೆವು. ಹೆಸರು 'ಹೊಳಿ ಬಂತು'. ನವಿಲುತೀರ್ಥದ ಅಣೆಕಟ್ಟಿನಿಂದ ನೀರು ಬಿಡುವ ಪ್ರಕಟಣೆ ಹೊರಬಿದ್ದ ಕೂಡಲೇ, ಎಷ್ಟು ನೀರು ಎಂಬ ಅಂಕಿಯನ್ನು ನಮ್ಮಲ್ಲಿ ಒಬ್ಬರು ಅದರೊಳಗೆ ತುಂಬುತ್ತೇವೆ. ಕೆಳಗೆ ರಾಮದುರ್ಗದ ತನಕ ಹೊಳೆದಂಡೆಯ ಯಾವ ಊರಿಗೆ ಎಷ್ಟು ತಾಸಿಗೆ ನೀರು ಮುಟ್ಟುತ್ತದೆ ಎಂದು ಅದು ಲೆಕ್ಕ ಹಾಕಿ, ಹೆಸರು ಕೊಟ್ಟವರ ಫೋನಿಗೆಲ್ಲ ನಮ್ಮ ಕಡೆಯ ಮಾತಿನಲ್ಲಿ ಹೇಳುತ್ತದೆ: ಹೊಳಿ ಬಂತು, ಇಷ್ಟು ಹೊತ್ತಿಗೆ ನಿಮ್ಮ ಊರು ಮುಟ್ಟತೈತಿ, ದನಾ ಮ್ಯಾಲ ಕಟ್ಟ್ರಿ. ಊರೂರಿನ ಡಂಗುರ ತನ್ನ ಪಾಡಿಗೆ ಇದ್ದೇ ಇತ್ತು. ನಮ್ಮದು ಅದರ ಮೇಲೊಂದು. ಮುಕ್ತ ತಂತ್ರಾಂಶವಾದ್ದರಿಂದ ಅದರ ಒಂದೊಂದು ಸಾಲನ್ನೂ ಯಾರು ಬೇಕಾದರೂ ಓದಬಹುದು, ತಿದ್ದಿ ಕಳಿಸಬಹುದು. ಮುಖ ಕಾಣದ ಜನ ಎಲ್ಲೆಲ್ಲಿಂದಲೋ ತಿದ್ದಿ ಕಳಿಸುತ್ತಿದ್ದರು.

ಅವರು ಮೂವತ್ತು ವರ್ಷ ಮಲಪ್ರಭೆಯ ನೀರು ಎಷ್ಟು ಏರಿದೆ, ಎಷ್ಟು ಇಳಿದಿದೆ ಎಂದು ನೋಡಿ ಬರೆಯುವ ನೌಕರಿ ಮಾಡಿ ನಿವೃತ್ತರಾದವರು. ಕೊನೆಯ ವರ್ಷಗಳಲ್ಲಿ ಕಚೇರಿಗೆ ಕಂಪ್ಯೂಟರು ಬಂದಾಗ, ಅದು ತಪ್ಪು ಲೆಕ್ಕ ಹಾಕಿಬಿಟ್ಟರೆ ಎಂಬ ಅಂಜಿಕೆಯಿಂದಲೇ ಅದರ ಹೊಟ್ಟೆಯೊಳಗಿನದನ್ನೆಲ್ಲ ಕಲಿತರು. ಉಗರಗೋಳದ ಅವರ ಮನೆಯ ಮುಂದಿನ ಕೋಣೆಯಲ್ಲಿ ಹೆಂಡತಿ ಅಂಗಡಿ ಇಟ್ಟಿದ್ದರು. ಯಲ್ಲಮ್ಮನ ಗುಡ್ಡಕ್ಕೆ ಹೋಗುವವರಿಗೆ ಕಾಯಿ, ಕರ್ಪೂರ, ಭಂಡಾರ. ಹಿಂದಿನ ಕೋಣೆಯಲ್ಲಿ ಇವರು ಮತ್ತು ಇವರ ಕಂಪ್ಯೂಟರು. ಭಂಡಾರದ ಅರಿಸಿನ ಪುಡಿ ಹಾರಿಬಂದು ಕೀಲಿಮಣೆಯೆಲ್ಲ ಹಳದಿಯಾಗಿರುತ್ತಿತ್ತು.

ಮೊದಲ ಸಲ ನಮ್ಮ ಕಾಲೇಜಿನ ಸಭೆಗೆ ಬಂದಾಗ ಬಾಗಿಲ ಹತ್ತಿರದ ಕುರ್ಚಿಯನ್ನೇ ಹುಡುಕಿ ಕುಳಿತರು, ಕೈಚೀಲವನ್ನು ಎದೆಗೆ ಅವಚಿಕೊಂಡು. ಎಲ್ಲರೂ ಹೊಸದು ಏನು ಮಾಡಬೇಕು ಎಂದು ಉತ್ಸಾಹದಿಂದ ಮಾತಾಡುತ್ತಿದ್ದಾಗ ಕೈ ಎತ್ತಿದರು.

"ಬಾಯಾರ, ಒಂದು ಕೇಳ್ಲ್ಯಾ? ಇದು ತಪ್ಪು ಹೇಳಿದ್ರ ಏನಾಕ್ಕೈತಿ?"

"ತಪ್ಪು ಹೇಳಬಾರದು ಅಂತನ ಪರೀಕ್ಷಿ ಬರದೇವಲ್ರಿ," ಎಂದೆ ನಾನು.

"ಎಲ್ಲಿ ಬರದೀರಿ? ನಿನ್ನಿ ಮುಂಜಾನಿಂದ ಹುಡುಕಾಕ ಹತ್ತೇನಿ, ಎಲ್ಲಾ ಒಂದ ಕಡೆ ಸಿಗವಲ್ವು."

ಎಲ್ಲರೂ ನಕ್ಕರು. ನನಗೆ ಸಿಟ್ಟು ಬಂತು. ನನಗೆ ಸಿಟ್ಟು ಬೇಗ. ಆದರೆ ಅವರ ಮಾತು ಖರೆಯೇ ಇತ್ತು. ಪರೀಕ್ಷೆ ಎಂದರೆ ಇಷ್ಟೇ: ಇಷ್ಟು ನೀರಿಗೆ ಇಂಥ ಊರಿಗೆ ಇಷ್ಟು ತಾಸು ಎಂಬ ಗೊತ್ತಿರುವ ಉತ್ತರ ಇಟ್ಟುಕೊಂಡು ತಂತ್ರಾಂಶಕ್ಕೆ ಪ್ರಶ್ನೆ ಕೇಳುವುದು. ಉತ್ತರ ಕೂಡಿದರೆ ತೆರೆಯ ಮೇಲೆ ಹಸಿರು, ತಪ್ಪಿದರೆ ಕೆಂಪು. ಯಾರಾದರೂ ಒಂದು ಸಾಲು ತಿದ್ದಿದ ಕೂಡಲೇ ಎಲ್ಲ ಪರೀಕ್ಷೆಗಳೂ ತಾವಾಗಿ ನಡೆಯಬೇಕು. ನಮ್ಮಲ್ಲಿ ಅವು ಸಂತೆ ಮುಗಿದ ಮೇಲಿನ ಬಯಲಿನ ಹಾಗೆ ಚೆಲ್ಲಿದ್ದವು. ಕೆಲವು 'ಟೆಸ್ಟ್' ಎಂಬ ಫೋಲ್ಡರಿನಲ್ಲಿ, ಕೆಲವು 'ಟೆಸ್ಟ್ಸ್' ಎಂಬುದರಲ್ಲಿ, ಕೆಲವು 'ಚೆಕ್' ಒಳಗೆ. ಒಬ್ಬ ಪುಣ್ಯಾತ್ಮ ತನ್ನ ಹೆಂಡತಿಯ ಹೆಸರಿನಲ್ಲಿ ಫೋಲ್ಡರ್ ಮಾಡಿ ಅದರೊಳಗೆ ಇಟ್ಟಿದ್ದ. ಯಾವುದು ನಡೆಯುತ್ತಿದೆ, ಯಾವುದು ನಡೆಯುತ್ತಿಲ್ಲ ಎಂದು ದೇವರಿಗೇ ಗೊತ್ತು.

ಅದನ್ನೆಲ್ಲ ಒಂದು ಕ್ರಮಕ್ಕೆ ತರಲು ಅವರು ನಾಲ್ಕು ತಿಂಗಳು ಕುಳಿತರು. ತಂತ್ರಾಂಶದ ಪ್ರತಿಯೊಂದು ಭಾಗದೊಳಗೆ ಒಂದೇ ಒಂದು ಪರೀಕ್ಷೆಯ ಫೋಲ್ಡರು, ಎಲ್ಲ ಕಡೆಯೂ ಅದೇ ಹೆಸರು: ಇಂಗ್ಲಿಷ್ ಅಕ್ಷರಗಳಲ್ಲಿ 'ಪರೀಕ್ಷೆ'. ಯಾವ ಕಡತವನ್ನು ಪರೀಕ್ಷಿಸುತ್ತದೋ ಆ ಕಡತದ ಹೆಸರೇ ಪರೀಕ್ಷೆಗೂ. ಪರೀಕ್ಷೆ ನಡೆಸುವ ಯಂತ್ರ ಆ ಹೆಸರಿನ ಫೋಲ್ಡರಿನೊಳಗೆ ಮಾತ್ರ ಇಣುಕುತ್ತದೆ, ಬೇರೆ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ. ದೂರದ ಒಬ್ಬ ಇದೆಲ್ಲ ಕೆಲಸವಿಲ್ಲದವರ ಕೆಲಸ ಎಂದು ಬರೆದ. ಅದಕ್ಕೆ ಇವರು ಒಂದು ಪುಟದ ಉತ್ತರ ಬರೆದರು, ಅಚ್ಚುಕಟ್ಟಾದ ಪುಸ್ತಕದ ಕನ್ನಡದಲ್ಲಿ. ಅವರು ಮಾತಾಡುತ್ತಿದ್ದುದು ಉಗರಗೋಳದ ಕನ್ನಡ, ಬರೆಯುತ್ತಿದ್ದುದು ಮಾತ್ರ ಸಾಲಿಯ ಮಾಸ್ತರರು ಕಲಿಸಿದ ಕನ್ನಡ. "ತಮಗೆ ಅಂಜಿಕೆ ಇಲ್ಲದಿರುವುದು ಸಂತೋಷ. ನನಗೆ ಇದೆ" ಎಂದು ಆ ಪತ್ರ ಮುಗಿದಿತ್ತು.

ಅವರ ಇನ್ನೊಂದು ಚಾಳಿ ಎಂದರೆ, ಯಾರು ಹೊಸ ಪರೀಕ್ಷೆ ಬರೆದರೂ "ಕೆಂಪ ಆಗಿದ್ದು ನೋಡಿದಿ ಏನು?" ಎಂದು ಕೇಳುವುದು. ಬೇಕೆಂದೇ ತಂತ್ರಾಂಶದ ಒಂದು ಸಾಲು ಕೆಡಿಸಬೇಕು, ಪರೀಕ್ಷೆ ಕೆಂಪಾಗುವುದನ್ನು ಕಣ್ಣಾರೆ ನೋಡಬೇಕು, ಆಮೇಲೆ ಸರಿ ಮಾಡಬೇಕು. ಅಲ್ಲಿಯ ತನಕ ಅವರು ಹಸಿರನ್ನು ನಂಬುತ್ತಿರಲಿಲ್ಲ.

"ಹಸರ ಬಂತು ಅಂದ್ರ ಎರಡು ಇರಬಹುದು ತಂಗಿ," ಎನ್ನುತ್ತಿದ್ದರು. ಹೊತ್ತು ಹೋದಂತೆ ಬಾಯಾರು ಹೋಗಿ ತಂಗಿ ಆಗಿದ್ದೆ. ನನಗೆ ಅವರು ಕಾಕಾ, ಅವರ ಹೆಂಡತಿ ಕಾಕು. "ಎಲ್ಲಾ ಬರೋಬ್ಬರಿ ಐತಿ ಅಂತ ಇರಬಹುದು. ಇಲ್ಲಾ, ಯಾರೂ ನೋಡೇ ಇಲ್ಲ ಅಂತ ಇರಬಹುದು."

"ಹಿಂಗ ಎಲ್ಲಾದಕ್ಕೂ ಅಂಜಿದ್ರ ಕೆಲಸ ಆಗೂದು ಯಾವಾಗ್ರಿ ಕಾಕಾ?"

"ಆಗತೈತಿ. ತಡಾ ಆಗತೈತಿ ಅಷ್ಟ."

ಎರಡು ವರ್ಷದ ಹಿಂದೆ ನಾನು ಒಂದು ಹೊಸ ಭಾಗ ಬರೆದೆ. ಹೊಳೆಯಲ್ಲಿ ನೀರು ಕಡಿಮೆ ಇದ್ದಾಗ ನಿಧಾನ ಸರಿಯುತ್ತದೆ, ಹೆಚ್ಚು ಬಿಟ್ಟಾಗ ಓಡುತ್ತದೆ. ನಮ್ಮ ಲೆಕ್ಕದಲ್ಲಿ ಎರಡಕ್ಕೂ ಒಂದೇ ಪಟ್ಟಿ ಇತ್ತು. ನಾನು ಎರಡು ಪಟ್ಟಿ ಮಾಡಿದೆ, ನಿಧಾನದ್ದೊಂದು, ವೇಗದ್ದೊಂದು. ಅಂಕಿಗಳನ್ನೆಲ್ಲ ಕೊಟ್ಟವರು ಕಾಕಾನೇ. ಅದಕ್ಕೆ ಆರು ಪರೀಕ್ಷೆ ಬರೆದೆ. ಚೆನ್ನಾಗಿಯೇ ಬರೆದಿದ್ದೆ, ಅದರ ಬಗ್ಗೆ ನನಗೆ ಇವತ್ತಿಗೂ ಅನುಮಾನವಿಲ್ಲ. ಅವುಗಳನ್ನು ಇಡಲು ಫೋಲ್ಡರ್ ಮಾಡಿ ಹೆಸರು ಹೊಡೆದೆ.

ನಾನು ಕಿತ್ತೂರಿನಲ್ಲಿ ಹುಟ್ಟಿ ಬೆಳೆದವಳು. ನಮ್ಮ ಬಾಯಲ್ಲಿ ಮನೆ ಮನಿ, ಶಾಲೆ ಸಾಲಿ, ಹೊಳೆ ಹೊಳಿ. ಪರೀಕ್ಷೆ ಪರೀಕ್ಷಿ. ಕನ್ನಡ ಅಕ್ಷರದಲ್ಲಿ ಬರೆದಿದ್ದರೆ ಕೈ ತಾನಾಗಿ ಪುಸ್ತಕದ ರೂಪಕ್ಕೆ ಹೋಗುತ್ತಿತ್ತು, ಅಷ್ಟು ವರ್ಷದ ಅಭ್ಯಾಸ. ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯುವಾಗ ಬೆರಳು ಬಾಯಿಯ ಮಾತು ಕೇಳಿತು. ಕೊನೆಗೆ ಇಂಗ್ಲಿಷಿನ 'ಇ' (e) ಬರಬೇಕಾದಲ್ಲಿ 'ಐ' (i) ಹೊಡೆದೆ. ನೋಡಿದೆ. ಕಣ್ಣಿಗೆ ಏನೂ ತಪ್ಪು ಕಾಣಲಿಲ್ಲ, ಏಕೆಂದರೆ ಅದು ನನ್ನ ಅವ್ವ ಹೇಳುವ ಹಾಗೆಯೇ ಇತ್ತು.

ಬೇರೆ ಯಾವ ವಾರವಾಗಿದ್ದರೂ ಕಾಕಾ ಅದನ್ನು ಹಿಡಿಯುತ್ತಿದ್ದರು. ಆ ವಾರ ಅವರ ಕಣ್ಣಿನ ಪೊರೆ ತೆಗೆದಿದ್ದರು, ಕಂಪ್ಯೂಟರ್ ಮುಟ್ಟುವ ಹಾಗಿರಲಿಲ್ಲ. ಫೋನ್ ಮಾಡಿ ಕೇಳಿದರು.

"ತಂಗಿ, ಫೋಲ್ಡರಿಗೆ ಹೆಸರ ಬರೋಬ್ಬರಿ ಇಟ್ಟೀ ಇಲ್ಲೋ? ಪರೀಕ್ಷಿ ಅಂತ?"

"ಹೌದ್ರಿ ಕಾಕಾ. ಪರೀಕ್ಷಿ ಅಂತನ ಇಟ್ಟೇನಿ."

"ಹಾಂ, ಪರೀಕ್ಷಿ. ಕೆಂಪ ಮಾಡಿ ನೋಡಿದಿ?"

ನಾನು ಕೆಂಪು ಮಾಡಿ ನೋಡಿರಲಿಲ್ಲ. ಕಾಲೇಜಿನಲ್ಲಿ ಆಂತರಿಕ ಪರೀಕ್ಷೆಗಳ ಗದ್ದಲ, ಮನೆಯಲ್ಲಿ ನೆಂಟರು, ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡು ಮಲಗಿದ ಈ ಮುದುಕನ ಪಂಚಾಯ್ತಿ ಬೇರೆ ಎಂದು ಬೇಸರ ಬಂದಿತ್ತು.

"ನೋಡೇನ್ರಿ, ಕೆಂಪ ಆತು," ಎಂದೆ.

ಆಮೇಲೆ ಒಂದೂವರೆ ತಿಂಗಳು ಎಲ್ಲವೂ ಹಸಿರು. ಆ ನಡುವೆ ಎಲ್ಲಿಯದೋ ಒಬ್ಬ ಒಳ್ಳೆಯ ಹುರುಪಿನ ಮನುಷ್ಯ ನನ್ನ ಭಾಗವನ್ನು ಚೊಕ್ಕ ಮಾಡಿ ಕಳಿಸಿದ. ಚೊಕ್ಕ ಮಾಡುವಾಗ ಎರಡು ಪಟ್ಟಿಗಳು ಅದಲು ಬದಲಾದವು. ಹೆಚ್ಚು ನೀರಿಗೆ ನಿಧಾನದ ಪಟ್ಟಿ. ನನ್ನ ಆರು ಪರೀಕ್ಷೆಗಳಲ್ಲಿ ಮೊದಲನೆಯದೇ ಅದನ್ನು ಹಿಡಿಯಬೇಕಿತ್ತು. ಹಿಡಿಯಲಿಲ್ಲ, ಏಕೆಂದರೆ ಅವು ಒಂದು ದಿನವೂ ನಡೆದಿರಲೇ ಇಲ್ಲ. ತೆರೆಯ ಮೇಲೆ ಹಸಿರು ನೋಡಿ, ಅವನ ತಿದ್ದುಪಡಿಗೆ ಒಪ್ಪಿಗೆ ಕೊಟ್ಟವಳೂ ನಾನೇ.

ಆ ಮಳೆಗಾಲದ ಒಂದು ಬುಧವಾರ, ಬೆಳಿಗ್ಗೆ ಹತ್ತರ ಸುಮಾರಿಗೆ ಹೆಚ್ಚು ನೀರು ಬಿಟ್ಟರು. ಅಂಕಿ ತುಂಬಿ, ಸಂದೇಶ ಕಳಿಸಿ, ನಾನು ಪ್ರಾಯೋಗಿಕ ಪರೀಕ್ಷೆ ನಡೆಸಲು ಲ್ಯಾಬಿಗೆ ಹೋದೆ. ಹನ್ನೆರಡು ದಾಟಿತ್ತು, ಕಾಕಾನ ಫೋನು ಬಂತು. ಲ್ಯಾಬಿನೊಳಗೆ ಫೋನ್ ಎತ್ತಬಾರದು. ಕಟ್ ಮಾಡಿದೆ. ಮತ್ತೆ ಬಂತು. ಮೂರನೆಯ ಸಲ ಹೊರಗೆ ಬಂದು ಎತ್ತಿದೆ.

"ತಂಗಿ, ಕಾಕುನ ಫೋನಿಗೆ ಹೊಳಿ ಬಂತು ಬಂದೈತಿ. ರಾಮದುರ್ಗದ ಈಚಿ ಊರಿಗೆ ಸಂಜಿ ಐದಕ್ಕ ಅಂತ ಹೇಳಾಕ ಹತ್ತೇತಿ."

"ಹೌದ್ರಿ."

"ಇಷ್ಟ ನೀರಿಗೆ ಐದು ಹೆಂಗ ಆಕ್ಕೈತಿ? ಎರಡರೊಳಗ ಮುಟ್ಟತೈತಿ ಅದು. ಮೂವತ್ತು ವರ್ಷ ನೋಡೇನಿ ನಾ. ನಿನ್ನ ಪರೀಕ್ಷಿ ಏನ ಅಂತಾವು?"

"ಎಲ್ಲಾ ಹಸರ ಅದಾವ್ರಿ."

ಅವರು ಬಹಳ ಮೆಲ್ಲಗೆ ಹೇಳಿದರು.

"ಫೋಲ್ಡರಿನ ಹೆಸರು ಒಂದೊಂದ ಅಕ್ಷರ ಓದಿ ಹೇಳು."

ಸ್ಟಾಫ್ ರೂಮಿಗೆ ಓಡಿದೆ. ಕಂಪ್ಯೂಟರ್ ತೆರೆದು ಓದಿದೆ. ಪಿ, ಎ, ಆರ್, ಐ, ಕೆ, ಎಸ್, ಎಚ್. ಕೊನೆಯ ಅಕ್ಷರದ ಮೇಲೆ ಬೆರಳಿಟ್ಟು ನಿಂತೆ. ಅದನ್ನು ಬಾಯಿಬಿಟ್ಟು ಹೇಳುವ ಮೊದಲೇ ನನಗೆ ಗೊತ್ತಾಗಿತ್ತು, ಅವರಿಗೂ ಗೊತ್ತಾಗಿತ್ತು.

"ಐ ಐತ್ರಿ ಕಾಕಾ," ಎಂದೆ.

"ಆತು. ಅದನ್ನ ಆಮ್ಯಾಲ ನೋಡೂಣು. ಈಗ ಮಂದಿಗೆ ಫೋನ್ ಹಚ್ಚು. ತಳಗಿನ ಊರು ನೀ ಹಿಡಿ, ಮ್ಯಾಲಿನ ಊರು ನಾ ಹಿಡೀತೇನಿ."

ಬೀದಿನಾಯಿ ಕಂಡರೆ ದಾರಿ ಬದಲಿಸುವ ಮನುಷ್ಯನ ದನಿಯಲ್ಲಿ ಆವತ್ತು ನಡುಕವಿರಲಿಲ್ಲ. ನಡುಗುತ್ತಿದ್ದವಳು ನಾನು. ಕಾಕಾ ಹೇಳಿದ ಹೊತ್ತನ್ನು ಕೈಯಾರೆ ಹೊಡೆದು ಮೊದಲು ಎಲ್ಲರಿಗೂ ಸಂದೇಶ ಕಳಿಸಿ, ಆಮೇಲೆ ಒಬ್ಬೊಬ್ಬರಿಗೂ ಫೋನು ಹಚ್ಚತೊಡಗಿದೆ. ಹೆಚ್ಚಿನವರು ಎತ್ತಿದರು. ಹೊಳೆಯ ಕಡೆ ಯಾರೂ ಹೋಗಿಲ್ಲ ಎಂದರು. ರಾಮದುರ್ಗದ ಈಚೆಗಿನ ಆ ಊರಿನ ಒಂದು ನಂಬರು ಮಾತ್ರ ಬಡಿದುಕೊಳ್ಳುತ್ತಲೇ ಇತ್ತು. ಐದನೆಯ ಸಲ ಒಬ್ಬ ಹೆಂಗಸು ಎತ್ತಿದಳು.

"ನಮ್ಮವರ ಫೋನ್ರಿ ಇದು. ಚಾರ್ಜಿಗೆ ಇಟ್ಟು ಹೋಗ್ಯಾರ. ಹೊಳ್ಯಾಗಿನ ಮೋಟಾರ್ ಬಿಚ್ಚಿ ತರತೇನಿ ಅಂತ ಹೊಂಟರು."

"ಯಾವಾಗ ಹೋದ್ರವ್ವಾ?"

"ಒಂದು ತಾಸಾತ್ರಿ. ಐದರ ತನಕಾ ಹೊತ್ತೈತಿ ಅಂತ ನಿಮ್ಮ ಫೋನಿನ್ಯಾಗ ಹೇಳ್ಯಾರಲ್ರಿ."

ನಿಮ್ಮ ಫೋನಿನ್ಯಾಗ. ಗಡಿಯಾರ ನೋಡಿದೆ, ಒಂದೂಕಾಲು. ಓಡವ್ವಾ, ನೀರು ಈಗ ಬರತೈತಿ, ಕರಕೊಂಡು ಬಾ, ನೀರಿಗೆ ಮಾತ್ರ ಇಳೀಬ್ಯಾಡ ಎಂದು ಏನೇನೋ ಹೇಳಿದೆ. ಆಕೆ ಫೋನ್ ಕಟ್ ಮಾಡದೇ ಓಡಿದಳು. ಆಕೆಯ ಉಸಿರು ಕೇಳುತ್ತಿತ್ತು, ಕಬ್ಬಿನ ರವದಿಯ ಒಣ ಗರಿ ಸರಸರ ಅನ್ನುವುದು ಕೇಳುತ್ತಿತ್ತು. ದೂರದಲ್ಲಿ ಯಾರೋ ಕೂಗಿದರು. ಆಕೆ ಗಂಡನನ್ನು ಕರೆದಳು, ಎರಡು ಸಲ. ಆಮೇಲೆ ಒಂದೇ ಸಮನೆ ಗಾಳಿಯೋ ನೀರೋ ಎಂದು ತಿಳಿಯದ ಸದ್ದು, ಮತ್ತು ಫೋನು ಕಟ್ಟಾಯಿತು.

ನಲವತ್ತು ನಿಮಿಷ ಆ ನಂಬರು ಹತ್ತಲಿಲ್ಲ. ಆ ನಲವತ್ತು ನಿಮಿಷದಲ್ಲಿ ನಾನು ಏನು ಮಾಡಿದೆ ಎಂದು ಕೇಳಿದರೆ, ಫೋಲ್ಡರಿನ ಹೆಸರು ತಿದ್ದಿದೆ. ಬೇರೆ ಏನು ಮಾಡಲೂ ತಿಳಿಯಲಿಲ್ಲ. ಒಂದು ಅಕ್ಷರ ಅಳಿಸಿ ಒಂದು ಅಕ್ಷರ ಹೊಡೆದೆ. ಕೂಡಲೇ ತೆರೆಯ ಮೇಲೆ ಆರರಲ್ಲಿ ನಾಲ್ಕು ಪರೀಕ್ಷೆಗಳು ಕೆಂಪಾದವು. ಒಂದೂವರೆ ತಿಂಗಳು ಬಾಯಿ ಕಟ್ಟಿಸಿಕೊಂಡು ಕುಳಿತವು ಒಟ್ಟಿಗೇ ಹೇಳಿದವು. ನಾನು ಆ ಕೆಂಪು ನೋಡುತ್ತ ಕುರ್ಚಿಯ ಕೈ ಹಿಡಿದು ಕುಳಿತೆ. ಒಬ್ಬಾಕೆಯನ್ನು ನಾನೇ ಹೊಳೆಗೆ ಅಟ್ಟಿದೆನಲ್ಲ, ಈಗ ಒಬ್ಬರಲ್ಲ ಇಬ್ಬರು ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಎರಡಕ್ಕೆ ಇನ್ನೂ ಐದು ನಿಮಿಷ ಇರುವಾಗ ಆಕೆಯ ಫೋನು ಬಂತು.

"ಬಂದಾರ್ರಿ," ಎಂದಳು. "ಅರ್ಧಾ ಬಿಚ್ಚಿದ್ರು. ಬಿಟ್ಟು ಬರ್ರಿ ಅಂದ್ರ ಒಲ್ಲೆ ಅಂದ್ರು. ಕೈ ಹಿಡದು ಜಗ್ಗಿಕೊಂಡು ಬಂದೆ. ಮೋಟಾರ್ ಹೋತ್ರಿ."

ನಾನು ಕಾಕಾಗೆ ಫೋನ್ ಮಾಡಿ ಹೇಳಿದೆ. ಆ ಕಡೆ ಅಂಗಡಿಯಲ್ಲಿ ಯಾರೋ ಭಂಡಾರ ಕೇಳುತ್ತಿದ್ದರು, ಕಾಕು ಉತ್ತರ ಕೊಡುತ್ತಿರಲಿಲ್ಲ.

ಮುಂದಿನ ಭಾನುವಾರ ಕಾಕಾ ನನ್ನನ್ನು ಕರೆದುಕೊಂಡು ಆ ಊರಿಗೆ ಹೊರಟರು. ಕಣ್ಣಿಗೆ ಕಪ್ಪು ಕನ್ನಡಕ, ಎದೆಗೆ ಕೈಚೀಲ. ಯಾಕೆ ಹೋಗಬೇಕು, ಫೋನಿನಲ್ಲಿ ಹೇಳಿದರೆ ಸಾಲದೇ ಎಂದರೆ, "ಫೋನಿನ್ಯಾಗ ಹೇಳಿದ್ದಕ್ಕ ಇಷ್ಟ ಆಗೇತಿ" ಎಂದರು. ಆ ಹೆಂಗಸಿಗೆ ಮೂವತ್ತರ ಆಸುಪಾಸು. ನಮ್ಮನ್ನು ಕಂಡು ಓಡಾಡಿ ಚಾಪೆ ಹಾಸಿದಳು, ಒಗ್ಗರಣೆ ಅವಲಕ್ಕಿ ಮಾಡಿದಳು. ನಿಮ್ಮ ಫೋನು ಬಂದದ್ದಕ್ಕೆ ನಮ್ಮವರು ಉಳಿದರು ಎಂದು ನನ್ನ ಕೈ ಹಿಡಿದುಕೊಂಡಳು. ಕಾಕಾ ತಾಟನ್ನು ಕೆಳಗಿಟ್ಟರು.

"ಯವ್ವಾ, ಹಂಗಲ್ಲ. ಮೊದಲನೇದ್ದು ನಾವ ತಪ್ಪು ಹೇಳಿದ್ವಿ. ಐದಕ್ಕ ಅಂದದ್ದು ನಮ್ಮ ತಪ್ಪು. ಹೊಳಿದಲ್ಲ, ಮತ್ತ್ಯಾರದೂ ಅಲ್ಲ."

ಆಕೆಯ ಗಂಡ ಕಂಬಕ್ಕೆ ಒರಗಿ ನಿಂತಿದ್ದ. ಅವನು ತಲೆ ತಗ್ಗಿಸಿ ನೆಲ ನೋಡಿದ. ಆಕೆ ನನ್ನ ಕೈ ಬಿಟ್ಟಳು.

"ಹಂಗಾರ ಇನ್ನ ಮ್ಯಾಲ ನಿಮ್ಮ ಫೋನ್ ನಂಬೂದೋ ಬ್ಯಾಡೋ?" ಎಂದು ಕೇಳಿದಳು. ಸಿಟ್ಟಿನಿಂದ ಅಲ್ಲ, ತಿಳಿದುಕೊಳ್ಳಲು.

ಕಾಕಾನ ಬೆರಳುಗಳು ಚೀಲದ ಹಿಡಿಕೆಯ ಮೇಲೆ ಓಡಾಡುತ್ತಿದ್ದವು.

"ನಂಬೂದು ಬ್ಯಾಡ ಅಂದ್ರ ನಿಮಗ ಗೊತ್ತಾಗೂ ದಾರಿ ಒಂದು ಕಡಿಮಿ ಆತು. ನಂಬ್ರಿ ಅನ್ನಾಕ ನನಗ ಬಾಯಿಲ್ಲ. ಒಂದು ಮಾಡ್ರಿ. ಹೊಳಿಗೆ ಇಳಿಯೂ ಮೊದಲ ನನಗೊಂದು ಫೋನ್ ಹಚ್ಚ್ರಿ. ನಾ ಅಂಜಿಕೋತ ಕುಂತಿರತೇನಿ. ನನಗ ಅಂಜಿಕಿ ಬಂತು ಅಂದ್ರ ಇಳೀಬ್ಯಾಡ್ರಿ."

ತಿರುಗಿ ಬರುವಾಗ ಬಸ್ಸಿನಲ್ಲಿ ಅವರ ಪಕ್ಕದಲ್ಲಿ ಕುಳಿತು ನಾನು ಹೇಳಿದೆ, ಕೆಂಪು ಮಾಡಿ ನೋಡಿದೆ ಅಂದದ್ದು ಸುಳ್ಳು ಎಂದು. ಸಾಲು ಕೆಡಿಸಿ ನೋಡಿದ್ದರೆ ಕೆಂಪು ಬರುತ್ತಲೇ ಇರಲಿಲ್ಲ, ಹೆಸರು ತಪ್ಪಿದ್ದು ಆ ಕ್ಷಣದಲ್ಲೇ ಗೊತ್ತಾಗುತ್ತಿತ್ತು. ಅವರು ಬಯ್ಯಲಿ ಎಂದು ಕಾದೆ. ನಿಜ ಹೇಳಬೇಕೆಂದರೆ ಬಯ್ದರೆ ಹಗುರಾಗುತ್ತಿತ್ತು. ಅವರು ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದರು.

"ನನಗ ಇಪ್ಪತ್ನಾಕು ವಯಸ್ಸು," ಎಂದು ಶುರುಮಾಡಿದರು. "ನೌಕರಿಗೆ ಸೇರಿದ ಹೊಸದು. ಜಡಿಮಳಿ ಹಿಡದಿತ್ತು. ಹೊಳ್ಯಾಗಿನ ಕಲ್ಲುಕಂಬದ ತನಕಾ ಹೋಗಿ ಗೆರಿ ನೋಡಬೇಕು, ನೀರು ಎಷ್ಟೈತಿ ಅಂತ ಬರೀಬೇಕು. ಕೆಸರಾಗ ಯಾರು ಹೋಗಬೇಕು ಅಂತ, ನಿನ್ನಿ ಅಂಕೀನ ಇವತ್ತೂ ಬರದು ಕಳಿಸಿದೆ."

"ಏನಾತ್ರಿ?"

"ಏನೂ ಆಗಲಿಲ್ಲ. ಯಾರೂ ಕೇಳಲಿಲ್ಲ, ಯಾರಿಗೂ ಗೊತ್ತಾಗಲಿಲ್ಲ. ಮರುದಿನ 'ಬರೋಬ್ಬರಿ ಐತಿ' ಅಂತ ಸಾಹೇಬರ ಸಹಿ ಬಿತ್ತು." ಕಪ್ಪು ಕನ್ನಡಕ ತೆಗೆದು ಧೋತರದ ತುದಿಯಿಂದ ಒರೆಸಿದರು. "ಏನರ ಆಗಿದ್ರ ಅಳತಿದ್ದೆ, ಬೈಸಿಕೊಳ್ಳತಿದ್ದೆ, ಮುಗೀತಿತ್ತು. ಏನೂ ಆಗಲಿಲ್ಲ ನೋಡು, ಅದಕ್ಕ ಅಂಜಿಕಿ ಹೋಗವಲ್ದು."

ಆಮೇಲೆ ಆ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮನೆ ಮುಟ್ಟಿದ ಮರುದಿನದಿಂದ ಒಂದು ವಾರ ಕುಳಿತು ಪರೀಕ್ಷೆ ನಡೆಸುವ ಯಂತ್ರವನ್ನೇ ತಿದ್ದಿದರು. ಯಾವ ಭಾಗದಲ್ಲಿ ಒಂದೂ ಪರೀಕ್ಷೆ ಸಿಗುವುದಿಲ್ಲವೋ ಅದು ಇನ್ನು ಹಸಿರಲ್ಲ, ಕೆಂಪು. ಗುರುತಿಲ್ಲದ ಹೆಸರಿನ ಫೋಲ್ಡರು ಎಲ್ಲಿ ಕಂಡರೂ ಕೆಂಪು. "ನಾ ಒಂದ ಬಾಗಲಾ ಇಟ್ಟು ಉಳದದ್ದಕ್ಕೆಲ್ಲ ಗ್ವಾಡಿ ಕಟ್ಟಿದ್ದೆ. ಗ್ವಾಡಿ ಆಚಿ ಯಾರರ ಕುಂತಾರೇನು ಅಂತ ನೋಡಿರಲಿಲ್ಲ. ಅದು ನನ್ನ ತಪ್ಪು," ಎಂದರು. ನಿಯಮಗಳ ಪುಟದಲ್ಲಿ ಒಂದು ಸಾಲು ಸೇರಿಸಿದರು: ಹೆಸರನ್ನು ಬಾಯಿಂದ ಕೇಳಿ ಒಪ್ಪಬೇಡಿ, ಕಣ್ಣಿಂದ ಓದಿ ಒಪ್ಪಿ. ಅದರ ಕೆಳಗೆ ಏನಾಯಿತು ಎಂದು ಬರೆದರು. ಒಂದಕ್ಷರ ತಪ್ಪಿತ್ತು, ತಾವು ಫೋನಿನಲ್ಲಿ ಕೇಳಿ ಒಪ್ಪಿದ್ದು ತಪ್ಪು ಎಂದಷ್ಟೇ ಬರೆದರು. ನನ್ನ ಸುಳ್ಳನ್ನು ಬರೆಯಲಿಲ್ಲ. ಅದನ್ನು ಬರೆಯುವ ಕೆಲಸ ನನ್ನದಾಗಿತ್ತು. ಅವರಿರುವ ತನಕ ನನಗೆ ಧೈರ್ಯ ಬರಲಿಲ್ಲ, ಇಲ್ಲಿ ಬರೆದಿದ್ದೇನೆ.

ಆ ಹೆಂಗಸು ಮಾತ್ರ ಕಾಕಾ ಹೇಳಿದ ಹಾಗೆ ನಡೆದುಕೊಂಡಳು. ನೀರು ಬಿಟ್ಟಾಗಲೆಲ್ಲ ಉಗರಗೋಳಕ್ಕೆ ಫೋನು. ಕಾಕಾ ಲೆಕ್ಕ ನೋಡಿ, ತಮ್ಮ ಹಳೆಯ ನೆನಪಿಗೆ ತಾಳೆ ಹಾಕಿ, ಆಮೇಲೂ ಸ್ವಲ್ಪ ಅಂಜಿ, ಹೋಗಬಹುದು ಅಥವಾ ಬೇಡ ಎನ್ನುತ್ತಿದ್ದರು. ಬೇಡ ಎಂದದ್ದೇ ಹೆಚ್ಚು.

ಮೊನ್ನೆ ಮತ್ತೆ ನೀರು ಬಿಟ್ಟರು, ಅವರು ಹೋದ ಮೇಲೆ ಮೊದಲ ಸಲ. ಬೆಳಿಗ್ಗೆ ನಾನು ಎರಡು ಸಲ ಬೇಕೆಂದೇ ಪಟ್ಟಿ ಕೆಡಿಸಿ ಕೆಂಪು ನೋಡಿದೆ. ಫೋಲ್ಡರುಗಳ ಹೆಸರನ್ನು ಒಂದೊಂದಾಗಿ, ಬೆರಳಿಟ್ಟು ಓದಿದೆ. ಎಲ್ಲ ಸರಿ ಇತ್ತು. ಸಂದೇಶ ಕಳಿಸಿ ಎರಡು ನಿಮಿಷ ಆಗಿರಲಿಲ್ಲ, ಫೋನು ಬಂತು. ಹೆಂಗಸಿನ ದನಿ.

"ಬಾಯಾರ, ಉಗರಗೋಳಕ್ಕ ಹಚ್ಚಿದ್ದೆ. ಕಾಕು ಎತ್ತಿದ್ರು. ಕಾಕಾರು ಹೋದ್ರಂತ, ನನಗ ಗೊತ್ತ ಇರಲಿಲ್ರಿ. ನಿಮ್ಮ ನಂಬರ್ ಕೊಟ್ಟರು. ಎರಡಕ್ಕ ಅಂತ ಬಂದೈತಿ. ಇನ್ನೂ ಹನ್ನೊಂದು. ಇವರು ಹೊಸಾ ಮೋಟಾರ್ ಬಿಚ್ಚತೇನಿ ಅಂತ ಎದ್ದು ನಿಂತಾರ. ಕಾಕಾರು ಇಲ್ಲ, ಈಗ ಅಲ್ಲಿ ಅಂಜವರು ಯಾರದಾರ್ರಿ?"

ಲೆಕ್ಕ ಸರಿ ಇತ್ತು. ಮೂರು ತಾಸು ಇತ್ತು. ಹೋಗಿ ಬರಬಹುದಿತ್ತು. ತೆರೆಯ ಮೇಲೆ ಎಲ್ಲವೂ ಹಸಿರು, ಅದನ್ನು ನಾನು ನೋಡುತ್ತಲೇ ಇದ್ದೆ, ಮತ್ತು ನನ್ನ ಅಂಗೈ ಬೆವತು ಫೋನು ಜಾರುತ್ತಿತ್ತು.

"ಅಂಜಾಕ ನಾ ಅದೇನವ್ವಾ," ಎಂದೆ.

ಆಕೆ ಫೋನನ್ನು ಬಾಯಿಂದ ದೂರ ಹಿಡಿದು ಗಂಡನಿಗೆ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

"ಕುಂದರ್ರಿ, ಹೋಗಬ್ಯಾಡ್ರಿ. ಬಾಯಾರು ಅಂಜಾಕ ಹತ್ತ್ಯಾರ."